ಹೊಟ್ಟೆ ಕಟ್ಟಿದರೆ ಹೊಟ್ಟೆ ಕರಗುತ್ತದೆಯೇ? ಮಧ್ಯಂತರ ಉಪವಾಸದ ಬಗ್ಗೆ ಒಂದು ಪಾಠ



ಸಭೆಯಲ್ಲಿ ಉಳಿತಾಯ, ಮರುಪಾವತಿ, ನಿರ್ಣಯ ಎಲ್ಲ ಬರೆದು ಮುಗಿದು ಚಾಪೆ ಮಡಿಸುವ ಹೊತ್ತಿಗೆ ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಿರುತ್ತವೆ. ಮಗಳ ಮದುವೆ, ಗಂಡನ ಕುಡಿತ, ರೇಷನ್ ಕಾರ್ಡು, ಹೀಗೆ. ಈಚೆಗೆ ಅದಕ್ಕೆ ಇನ್ನೊಂದು ಸೇರಿಕೊಂಡಿದೆ. "ಸಿಸ್ಟರ್, ರಾತ್ರಿ ಎಂಟಕ್ಕೆ ಉಂಡು ಮಾರನೇ ದಿನ ಮಧ್ಯಾಹ್ನ ಹನ್ನೆರಡರವರೆಗೆ ಏನೂ ತಿನ್ನದೇ ಇದ್ರೆ ಹೊಟ್ಟೆ ಕರಗುತ್ತಂತೆ, ಹೌದಾ?" ಒಬ್ಬರು ಮೊಬೈಲಿನಲ್ಲಿ ನೋಡಿದ್ದಾರೆ, ಇನ್ನೊಬ್ಬರ ಓರಗಿತ್ತಿ ಹೀಗೆ ಮಾಡಿ 5 ಕೆ.ಜಿ. ಇಳಿದಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಇಂಟರ್ಮಿಟೆಂಟ್ ಫಾಸ್ಟಿಂಗ್ ಅನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಮಧ್ಯಂತರ ಉಪವಾಸ ಎಂದು ಬರೆಯುತ್ತಾರೆ. ಈ ತಿಂಗಳ ಪಾಠ ಇದರ ಬಗ್ಗೆಯೇ ಇರಲಿ ಎಂದು ತೀರ್ಮಾನಿಸಿದೆವು.

ತೂಕ ಇಳಿಸಬೇಕು ಎನ್ನುವ ಸಹೋದರಿಯನ್ನು ನೋಡಿ "ಈ ವಯಸ್ಸಲ್ಲಿ ಯಾಕಮ್ಮಾ ಈ ಶೋಕಿ" ಎಂದು ನಗುವುದು ಬೇಡ. ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ ಇವೆಲ್ಲ ಹೆಚ್ಚಾದ ತೂಕದ ಜೊತೆಯಲ್ಲೇ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 30 ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ಸಮೀಕ್ಷೆ ಹೇಳುವ ಇನ್ನೆರಡು ಸಂಗತಿಗಳನ್ನೂ ನೋಡಬೇಕು. 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. 100ಕ್ಕೆ 17 ಜನ ತೀರಾ ಸಣಕಲು. ಇದನ್ನು 20 ಜನರ ನಿಮ್ಮ ಸಂಘಕ್ಕೆ ಹೊಂದಿಸಿ ನೋಡಿ. ಆರು ಜನ ದಪ್ಪ, ಮೂರು ಜನ ಸಣಕಲು, ಒಂಬತ್ತು ಹತ್ತು ಜನರ ಮೈಯಲ್ಲಿ ರಕ್ತ ಸಾಲದು. ದಪ್ಪಗಿರುವವರಲ್ಲೂ ರಕ್ತಹೀನತೆ ಇರುತ್ತದೆ, ಅದನ್ನು ಮರೆಯಬೇಡಿ. ಅಂದ ಮೇಲೆ ಒಂದೇ ಉಪವಾಸವನ್ನು ಇಪ್ಪತ್ತು ಜನರಿಗೂ ಹೇಳಲು ಆಗುತ್ತದೆಯೇ?

ಇದು ಏನು, ದೇಹದಲ್ಲಿ ಏನಾಗುತ್ತದೆ

ಇದರಲ್ಲಿ ಮೂರು ಬಗೆ ಹೆಚ್ಚು ಚಾಲ್ತಿಯಲ್ಲಿವೆ. ದಿನಕ್ಕೆ 16 ಗಂಟೆ ಏನೂ ತಿನ್ನದೆ ಉಳಿದ 8 ಗಂಟೆಯೊಳಗೆ ಊಟ ಮುಗಿಸುವುದು ಒಂದು. ವಾರದಲ್ಲಿ 5 ದಿನ ಮಾಮೂಲಿ ಊಟ, 2 ದಿನ ತೀರಾ ಕಡಿಮೆ ಊಟ ಎರಡನೆಯದು. ಒಂದು ದಿನ ಬಿಟ್ಟು ಒಂದು ದಿನ ಉಪವಾಸ ಮೂರನೆಯದು. ನಮ್ಮ ಕಡೆ ಕೇಳಿಬರುವುದು ಬಹುಮಟ್ಟಿಗೆ ಮೊದಲನೆಯದೇ.

ದೇಹದ ಲೆಕ್ಕ ನಮ್ಮ ಸಂಘದ ಲೆಕ್ಕದ ಹಾಗೆಯೇ. ಸಂಘದಲ್ಲಿ ಕೈಯಲ್ಲಿರುವ ನಗದು ಬೇರೆ, ಬ್ಯಾಂಕಿನಲ್ಲಿ ಇಟ್ಟ ಠೇವಣಿ ಬೇರೆ. ನಾವು ಉಂಡ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆಗ ಖರ್ಚಾಗದೆ ಉಳಿದದ್ದರಲ್ಲಿ ಸ್ವಲ್ಪ ಲಿವರ್‌ನಲ್ಲಿ ಕೂತಿರುತ್ತದೆ, ಅದು ಕೈಯಲ್ಲಿರುವ ನಗದು. ಅದಕ್ಕಿಂತ ಹೆಚ್ಚಾದದ್ದು ಕೊಬ್ಬಾಗಿ ಸೊಂಟ, ಹೊಟ್ಟೆ, ತೋಳುಗಳಲ್ಲಿ ಸೇರುತ್ತದೆ, ಅದು ಠೇವಣಿ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಇದ್ದರೆ ನಗದು ಕಡಿಮೆಯಾಗುತ್ತಾ ಬಂದು ದೇಹ ಠೇವಣಿ ಮುರಿಯಲು ಶುರುಮಾಡುತ್ತದೆ. ಮಧ್ಯಂತರ ಉಪವಾಸದವರು ಹೇಳುವುದು ಇದನ್ನೇ. ಇದು ಸುಳ್ಳಲ್ಲ. ಆದರೆ ಬೆಳಿಗ್ಗೆ ಠೇವಣಿ ಮುರಿದು ಮಧ್ಯಾಹ್ನ, ಸಂಜೆ ಅಷ್ಟನ್ನೇ ತಿರುಗಿ ಕಟ್ಟಿದರೆ ತಿಂಗಳ ಕೊನೆಗೆ ಪಾಸ್‌ಬುಕ್ಕಿನಲ್ಲಿ ಏನು ಕಡಿಮೆಯಾಗಿರುತ್ತದೆ? ಒಟ್ಟು ಜಮಾ ಎಷ್ಟು, ಒಟ್ಟು ಖರ್ಚು ಎಷ್ಟು ಎನ್ನುವುದರ ಮೇಲೇ ತೂಕ ನಿಂತಿರುವುದು.

ವೈದ್ಯರು ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 116 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ತಿನ್ನಬೇಕು, ಇನ್ನೊಂದು ಗುಂಪಿನವರು ದಿನಕ್ಕೆ ಮೂರು ಹೊತ್ತು ಉಣ್ಣಬೇಕು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಯಾರಿಗೂ ಹೇಳಲಿಲ್ಲ. 12 ವಾರ ಕಳೆದ ಮೇಲೆ ಉಪವಾಸದ ಗುಂಪಿನವರು ಸರಾಸರಿ ಒಂದು ಕೆ.ಜಿ.ಯೂ ಪೂರ್ತಿ ಇಳಿದಿರಲಿಲ್ಲ. ಮೂರು ಹೊತ್ತು ಉಂಡವರಿಗೂ ಅವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇನ್ನೊಂದು ಯೋಚಿಸಬೇಕಾದ ವಿಷಯವೂ ಕಂಡಿತು. ಉಪವಾಸದ ಗುಂಪಿನ ಕೆಲವರನ್ನು ಯಂತ್ರದಲ್ಲಿ ಪರೀಕ್ಷಿಸಿದಾಗ ಇಳಿದ ತೂಕದಲ್ಲಿ ದೊಡ್ಡ ಪಾಲು ಕೊಬ್ಬು ಆಗಿರಲಿಲ್ಲ, ಮಾಂಸಖಂಡ ಮುಂತಾದ ಭಾಗವಾಗಿತ್ತು. ಬಿಂದಿಗೆ ಹೊತ್ತು, ಹುಲ್ಲಿನ ಹೊರೆ ಹೊತ್ತು ಬದುಕುವ ನಮಗೆ ಮಾಂಸಖಂಡವೇ ಬಂಡವಾಳ ಅಲ್ಲವೇ?

ಚೀನಾ ದೇಶದ ಗುವಾಂಗ್‌ಝೌ ನಗರದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಉದ್ದದ್ದು, ಪೂರ್ತಿ ಒಂದು ವರ್ಷದ್ದು. 139 ಜನ ಬೊಜ್ಜಿನವರು ಅದರಲ್ಲಿದ್ದರು. ಅಲ್ಲಿ ಎರಡೂ ಗುಂಪಿನವರಿಗೆ ಊಟವನ್ನು ಅಳತೆ ಮಾಡಿ ಕಡಿಮೆ ಮಾಡಿಸಿದರು. ಒಂದು ಗುಂಪಿನವರು ಮಾತ್ರ ಅದನ್ನು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ತಿನ್ನಬೇಕಿತ್ತು. ವರ್ಷದ ಕೊನೆಗೆ ಗಡಿಯಾರ ನೋಡಿ ಉಂಡವರು ಸರಾಸರಿ 8 ಕೆ.ಜಿ., ಗಡಿಯಾರ ನೋಡದೆ ಉಂಡವರು 6.3 ಕೆ.ಜಿ. ಇಳಿದಿದ್ದರು. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು, ಇದನ್ನು ಗಡಿಯಾರದ ಗುಣ ಎನ್ನಲಾಗದು ಎಂದು ಸಂಶೋಧಕರು ತೀರ್ಮಾನಿಸಿದರು. ಎರಡೂ ಗುಂಪು ಇಳಿದದ್ದು ಊಟ ಕಡಿಮೆಯಾದದ್ದರಿಂದ. ದಿನ ಬಿಟ್ಟು ದಿನದ ಉಪವಾಸವನ್ನು ಅಮೆರಿಕದ ಷಿಕಾಗೋದಲ್ಲಿ 100 ಜನರಿಂದ ಒಂದು ವರ್ಷ ಮಾಡಿಸಿದಾಗಲೂ, 2017ರ ವರದಿಯಂತೆ, ದಿನಾ ಸ್ವಲ್ಪ ಸ್ವಲ್ಪ ಕಡಿಮೆ ತಿಂದವರಿಗಿಂತ ಹೆಚ್ಚೇನೂ ಲಾಭವಾಗಲಿಲ್ಲ. ಉಪವಾಸದ ಗುಂಪಿನಲ್ಲಿ 100ಕ್ಕೆ 38 ಜನ ನಡುವೆಯೇ ಬಿಟ್ಟು ಹೋದರು.

ಅಂದ ಮೇಲೆ ಮಧ್ಯಂತರ ಉಪವಾಸ ವಿಷವೂ ಅಲ್ಲ, ಮಂತ್ರವೂ ಅಲ್ಲ. ಕಡಿಮೆ ತಿನ್ನುವುದಕ್ಕೆ ಇರುವ ಹಲವು ದಾರಿಗಳಲ್ಲಿ ಒಂದು. ಆರೋಗ್ಯವಾಗಿರುವ, ಕೂತು ಕೆಲಸ ಮಾಡುವ ಕೆಲವರಿಗೆ ಆ ದಾರಿ ಸುಲಭವಾಗಿ ಹಿಡಿಸುತ್ತದೆ. ಅಂಥವರು ಮಾಡಿದರೆ ನಮ್ಮ ತಕರಾರಿಲ್ಲ.

ಮೊಬೈಲಿನಲ್ಲಿ ಬರುವ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. "ಉಪವಾಸದಿಂದ ಕ್ಯಾನ್ಸರ್ ವಾಸಿಯಾಗುತ್ತದೆ, ಇದಕ್ಕೆ ನೊಬೆಲ್ ಬಹುಮಾನ ಬಂದಿದೆ" ಎಂಬ ಸಂದೇಶ ಎಷ್ಟೋ ಜನರ ಫೋನಿನಲ್ಲಿದೆ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಎಂಬ ವಿಜ್ಞಾನಿಗೆ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನೊಳಗಿನ ಹಳೆಯ ಭಾಗಗಳನ್ನು ಹೇಗೆ ಒಡೆದು ಮತ್ತೆ ಬಳಸಿಕೊಳ್ಳುತ್ತದೆ ಎಂಬುದನ್ನು ಅವರು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿಯಲ್ಲಿ, ಕಂಡುಹಿಡಿದರು. ಬೆಳಗಿನ ತಿಂಡಿ ಬಿಟ್ಟರೆ ಕ್ಯಾನ್ಸರ್ ಹೋಗುತ್ತದೆ ಎಂದು ಆ ಬಹುಮಾನ ಹೇಳಿಲ್ಲ.

ನಾವು ಮೊದಲೇ ಉಪವಾಸದವರು

"ಒಪ್ಪೊತ್ತು ಉಂಡವ ಯೋಗಿ, ಇಪ್ಪೊತ್ತು ಉಂಡವ ಭೋಗಿ, ಮುಪ್ಪೊತ್ತು ಉಂಡವ ರೋಗಿ" ಎಂದು ಗಾದೆ ಇದೆ. ಗಾದೆಯಲ್ಲಿ ಇರುವುದು "ಉಂಡವ", "ಉಂಡವಳು" ಅಲ್ಲ. ಉಂಡವಳ ಲೆಕ್ಕ ಯಾರೂ ಇಟ್ಟ ಹಾಗೆ ಕಾಣುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ನಾವೇ ಹಾಕೋಣ.

ಕೆಲವು ಸಂಘಗಳಲ್ಲಿ ನಾವು ಸದಸ್ಯೆಯರಿಂದ ಅವರ ಒಂದು ದಿನವನ್ನು ಹೇಳಿಸಿದೆವು. ಹೆಚ್ಚು ಕಡಿಮೆ ಎಲ್ಲರದೂ ಒಂದೇ ರೀತಿ ಬಂತು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಲೋಟ ಟೀ. ಮಕ್ಕಳಿಗೆ, ಗಂಡನಿಗೆ ತಿಂಡಿ ಮಾಡಿ ಡಬ್ಬಿ ಕಟ್ಟುವುದರಲ್ಲಿ ತನಗೆ ತಿನ್ನಲು ಹೊತ್ತಿಲ್ಲ, ಇನ್ನೊಂದು ಟೀ. ಹನ್ನೊಂದಕ್ಕೆ ಕೆಲಸದ ಜಾಗದಲ್ಲಿ ಟೀ, ಜೊತೆಗೆ ಒಂದು ಬನ್ನು. ಮಧ್ಯಾಹ್ನ ಎರಡೂವರೆಗೆ ಅನ್ನ ಸಾರು. ಸಂಜೆ ಟೀ, ಒಂದು ಹಿಡಿ ಮಿಕ್ಸ್‌ಚರು. ಗಂಡ ಬಂದು ಉಂಡು, ಮಕ್ಕಳು ಉಂಡು, ಅತ್ತೆ ಉಂಡು ಆದ ಮೇಲೆ ರಾತ್ರಿ ಹತ್ತಕ್ಕೆ ಅವಳ ಊಟ. ಆಗ ಒಂದು ಮುದ್ದೆ, ಅದರ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಅನ್ನವೆಲ್ಲ. "ಹಾಳು ಮಾಡೋಕಾಗುತ್ತಾ ಸಿಸ್ಟರ್?" ತಿಂದು ಅರ್ಧ ಗಂಟೆಗೆ ನಿದ್ದೆ.

ರಾತ್ರಿ ಹತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ಎಣಿಸಿ. ಹದಿನಾರೂವರೆ ಗಂಟೆ ಸರಿಯಾದ ಊಟವಿಲ್ಲ. ಆದರೂ ತೂಕ ಏರುತ್ತಿದೆ, ರಕ್ತವೂ ಕಡಿಮೆ ಇದೆ. ಹೊಟ್ಟೆ ಕಟ್ಟುವುದರಿಂದಲೇ ತೂಕ ಇಳಿಯುವುದಾದರೆ ನಮ್ಮ ಸಂಘಗಳಲ್ಲಿ ಒಬ್ಬರೂ ದಪ್ಪ ಇರಬಾರದಿತ್ತು.

ಏರುತ್ತಿರುವುದು ಎಲ್ಲಿಂದ ಎಂದು ನೋಡಿದರೆ ಮೊದಲು ಸಿಗುವುದು ಟೀ ಲೋಟ. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಚಮಚ, ಸುಮಾರು 50 ಗ್ರಾಂ. ತಿಂಗಳಿಗೆ ಒಬ್ಬಳಿಗೇ ಒಂದೂವರೆ ಕೆ.ಜಿ. ಸಕ್ಕರೆ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 20ರಿಂದ 25 ಗ್ರಾಂ ಸಕ್ಕರೆ ಮೀರಬಾರದು ಎಂದಿದೆ. ಹಸಿವನ್ನು ಟೀಯಿಂದ ಮುಚ್ಚುವವರು ಅದರ ಎರಡರಷ್ಟು ತಿನ್ನುತ್ತಿದ್ದಾರೆ. "ನಾನು ಬರೀ ಟೀ ಕುಡಿದು ಉಪವಾಸ ಇದ್ದೆ" ಎನ್ನುವುದು ಉಪವಾಸವೂ ಆಗಲಿಲ್ಲ, ಊಟವೂ ಆಗಲಿಲ್ಲ. ಸಾಲದ್ದಕ್ಕೆ ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎರಡನೆಯದು ರಾತ್ರಿಯ ತಳದ ಅನ್ನ. ಮನೆಯ ಪಾತ್ರೆ ಖಾಲಿ ಮಾಡುವ ಕೆಲಸ ಹೆಂಗಸಿನ ಹೊಟ್ಟೆಯದಲ್ಲ. ಅಕ್ಕಿ ಹಾಕುವಾಗಲೇ ಅರ್ಧ ಪಾವು ಕಡಿಮೆ ಹಾಕಿ ನೋಡಿ.

ಕೆಲಸದ ಲೆಕ್ಕವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕು. ಮೈಮುರಿದು ದುಡಿಯುವವಳಿಗೆ 2,720. ಹೊಲಿಗೆ ಯಂತ್ರದ ಮುಂದೆ ಕೂರುವವಳೂ ಬಿಸಿಲಲ್ಲಿ ಕಳೆ ಕೀಳುವವಳೂ ಒಂದೇ ವಿಡಿಯೋ ನೋಡಿ ಒಂದೇ ರೀತಿ ಹೊಟ್ಟೆ ಕಟ್ಟಿದರೆ, ಎರಡನೆಯವಳು ಗದ್ದೆಯಲ್ಲೇ ತಲೆ ತಿರುಗಿ ಬೀಳುತ್ತಾಳೆ.

ದೇವರ ಉಪವಾಸಕ್ಕೂ ವಿನಾಯಿತಿ ಇದೆ

"ನಮ್ಮ ಹಿರಿಯರು ಉಪವಾಸ ಮಾಡ್ತಿರ್ಲಿಲ್ವಾ" ಎಂದು ಕೇಳುತ್ತೀರಿ. ಮಾಡುತ್ತಿದ್ದರು, ಈಗಲೂ ಮಾಡುತ್ತೇವೆ. ನಮ್ಮ ಸಂಘಗಳಲ್ಲಿ ಏಕಾದಶಿ, ಸಂಕಷ್ಟಿ ಮಾಡುವವರಿದ್ದಾರೆ, ರಂಜಾನಿನಲ್ಲಿ ಒಂದು ತಿಂಗಳು ರೋಜಾ ಹಿಡಿಯುವವರಿದ್ದಾರೆ, ತಪಸ್ಸು ಕಾಲ ಆಚರಿಸುವ ನಾವೂ ಇದ್ದೇವೆ. ಕಥೋಲಿಕ ಧರ್ಮಸಭೆಯ ನಿಯಮದಂತೆ ಉಪವಾಸ ಕಡ್ಡಾಯವಾಗಿರುವುದು ವರ್ಷದಲ್ಲಿ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಆ ದಿನವೂ ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಅವಕಾಶವಿದೆ. ಕಾಯಿಲೆಯವರು, ಗರ್ಭಿಣಿಯರು ಮಾಡಬೇಕಾಗಿಲ್ಲ. ರೋಜಾದಲ್ಲೂ ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ, ಪ್ರಯಾಣದಲ್ಲಿರುವವರಿಗೆ ರಿಯಾಯಿತಿ ಇದೆ. ಏಕಾದಶಿಯ ಮನೆಗಳಲ್ಲೂ ಮೈ ಹುಷಾರಿಲ್ಲದವರಿಗೆ "ನೀನು ತಿನ್ನಮ್ಮಾ, ದೋಷ ಇಲ್ಲ" ಎಂದು ಹಿರಿಯರೇ ಹೇಳುತ್ತಾರೆ. ಎಲ್ಲ ಧರ್ಮದವರೂ ನೀನು ಯಾರು, ನಿನ್ನ ಮೈ ಹೇಗಿದೆ ಎಂದು ಕೇಳಿಯೇ ಉಪವಾಸ ಹೇಳಿದ್ದಾರೆ. ಮೊಬೈಲಿನ ವಿಡಿಯೋ ನಿಮ್ಮ ಬಿ.ಪಿ. ಎಷ್ಟು ಎಂದು ಕೇಳುವುದಿಲ್ಲ.

ಹರಕೆಯ ಉಪವಾಸವನ್ನೂ ತೂಕದ ಉಪವಾಸವನ್ನೂ ಬೆರೆಸಬೇಡಿ ಎಂದೂ ಹೇಳುತ್ತೇವೆ. ಒಪ್ಪೊತ್ತು ಎಂದು ಹೇಳಿ ಸಬ್ಬಕ್ಕಿ ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ ತಿಂದ ದಿನ ತೂಕ ಇಳಿಯದಿದ್ದರೆ ದೇವರ ಮೇಲೆ ಬೇಸರ ಮಾಡಿಕೊಂಡು ಪ್ರಯೋಜನವಿಲ್ಲ.

ಯಾರು ಮಾಡಲೇಬಾರದು

ಬಸುರಿಯರು, ಹಾಲೂಡಿಸುವ ತಾಯಂದಿರು, ರಕ್ತಹೀನತೆ ಇರುವವರು, ಮೊದಲೇ ಸಣಕಲಾಗಿರುವವರು, ಹೊಟ್ಟೆ ಹುಣ್ಣಿನವರು, ವಯಸ್ಸಾಗಿ ಶಕ್ತಿ ಕುಂದಿದವರು ಇದರ ಗೊಡವೆಗೆ ಹೋಗಬಾರದು. ತೂಕ ಸರ್ರನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಬಗ್ಗೆ ಬಿಡಿಸಿ ಹೇಳಬೇಕು. ಒಂದು ಸಂಘದ ಸದಸ್ಯೆ, ನಲವತ್ತೆಂಟು ವರ್ಷ, ಯಾರಿಗೂ ಹೇಳದೆ ಉಪವಾಸ ಶುರುಮಾಡಿದ್ದರು. ತಿಂಡಿ ಬಿಟ್ಟರು, ತಿಂಡಿಗೆ ಮುಂಚೆ ನುಂಗುವ ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಬೆಳಗಿನ ಸಭೆಯಲ್ಲಿ ಪಾಸ್‌ಬುಕ್ ಹಿಡಿದಿದ್ದ ಕೈ ನಡುಗಿತು, ಮೈಯೆಲ್ಲ ಬೆವರಿತು, ಕೇಳಿದ್ದಕ್ಕೆ ಏನೇನೋ ಉತ್ತರ. ದೃಷ್ಟಿಯಾಗಿದೆ ಎಂದರು ಒಬ್ಬರು. ಪುಣ್ಯಕ್ಕೆ ಅದೇ ಸಂಘದ ಆಶಾ ಕಾರ್ಯಕರ್ತೆ ಅಲ್ಲಿದ್ದರು, ಸಕ್ಕರೆ ನೀರು ಕುಡಿಸಿದರು. ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡರು. ಗ್ಲಿಮಿಪಿರೈಡ್‌ನಂಥ ಮಾತ್ರೆ, ಇನ್ಸುಲಿನ್ ಇವು ಹೊಟ್ಟೆಯಲ್ಲಿ ಊಟ ಇದೆ ಎಂದುಕೊಂಡೇ ಕೆಲಸ ಮಾಡುತ್ತವೆ. ಊಟ ಇಲ್ಲದಿದ್ದರೆ ರಕ್ತದ ಸಕ್ಕರೆ ಕೆಳಗಿಳಿದು ಪ್ರಾಣಕ್ಕೇ ಬರಬಹುದು. ಇಂಥ ಸಮಯದಲ್ಲಿ ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, ಕಾಲು ಗಂಟೆಯಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವುದೂ ಬೇಡ, ಊಟ ಬಿಡುವುದೂ ಬೇಡ.

ನಮಗೆ ಹೆಚ್ಚು ಚಿಂತೆ ಇರುವುದು ಮನೆಯಲ್ಲಿರುವ ಹೆಣ್ಣುಮಕ್ಕಳದ್ದು. ಅಮ್ಮ ತಿಂಡಿ ಬಿಟ್ಟದ್ದನ್ನು ನೋಡಿ ಹೈಸ್ಕೂಲಿನ ಮಗಳೂ "ನಂಗೂ ಬೇಡ" ಎಂದು ಡಬ್ಬಿ ಬಿಟ್ಟು ಹೋಗುತ್ತಾಳೆ. ಎಲುಬು ಬಲಿಯುವ, ತಿಂಗಳು ತಿಂಗಳು ರಕ್ತ ಹೋಗುವ ವಯಸ್ಸು ಅದು. 18ರ ಒಳಗಿನ ಮಕ್ಕಳ ಹತ್ತಿರ ಈ ಮಾತೇ ಬೇಡ. ದಪ್ಪ ಎಂದು ಅವಳನ್ನು ಆಡಿಕೊಳ್ಳುವುದೂ ಬೇಡ.

ತೂಕ ಇಳಿಸುವ ಪುಡಿಯ ಡಬ್ಬಿಗಳನ್ನು ಸಂಘದ ಸಭೆಗೇ ತಂದು ಮಾರುವವರಿದ್ದಾರೆ. ಆ ಡಬ್ಬಿಗಾಗಿ ಆಸ್ಪತ್ರೆ ಖರ್ಚು ಎಂದು ಬರೆಸಿ ಆಂತರಿಕ ಸಾಲ ಪಡೆದದ್ದೂ ನಮ್ಮ ಗಮನಕ್ಕೆ ಬಂದಿದೆ. ಇಂಥದ್ದಕ್ಕೆ ಸಂಘದ ಹಣ ಕೊಡಬೇಡಿ ಎಂದು ಪ್ರತಿನಿಧಿಗಳಿಗೆ ನೇರವಾಗಿಯೇ ಹೇಳುತ್ತೇವೆ.

ಹಾಗಾದರೆ ಏನು ಮಾಡೋಣ

ಮೊದಲು ಅಳತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ. ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ತೂಕದ ಬಗ್ಗೆ ಯೋಚಿಸಬೇಕು. 70 ಕೆ.ಜಿ. ಇರುವವರು ಮೂರೂವರೆ ಕೆ.ಜಿ. ಇಳಿದರೂ ಬಿ.ಪಿ., ಸಕ್ಕರೆಗೆ ಒಳ್ಳೆಯದು. ವಾರಕ್ಕೆ ಅರ್ಧ ಕೆ.ಜಿ.ಗಿಂತ ಬೇಗ ಇಳಿಯುವ ಆಸೆ ಬೇಡ.

16 ಗಂಟೆಯ ಬದಲು 12 ಗಂಟೆ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ರಾತ್ರಿ ಏಳೂವರೆಗೆ ಊಟ, ಬೆಳಿಗ್ಗೆ ಏಳೂವರೆಗೆ ತಿಂಡಿ. ನಡುವೆ ನೀರು ಮಾತ್ರ. ಬೆಳಿಗ್ಗೆ ಎದ್ದ ಕೂಡಲೇ ಟೀ ಬೇಕೇ ಬೇಕು ಎನ್ನುವವರು ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತಾ ಬನ್ನಿ, ನಾಲಗೆಗೆ ಗೊತ್ತಾಗುವುದಿಲ್ಲ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು ತರಕಾರಿ ಇರಲಿ, ಹುರುಳಿ, ಅಲಸಂದೆ, ಹೆಸರುಕಾಳು, ಮೊಟ್ಟೆ, ಇವುಗಳಲ್ಲಿ ಒಂದಾದರೂ ಎರಡು ಹೊತ್ತೂ ಇರಲಿ, ಉಳಿದ ಜಾಗದಲ್ಲಿ ಮುದ್ದೆ ಅಥವಾ ಅನ್ನ. ಎರಡೂ ಬೇಡ. ಕೂತು ಕೆಲಸ ಮಾಡುವವರು ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಇಷ್ಟಾದ ಮೇಲೂ 16 ಗಂಟೆ ಮಾಡಿಯೇ ನೋಡುತ್ತೇನೆ ಎನ್ನುವವರು ಮೊದಲು ಡಾಕ್ಟರಿಗೆ ತೋರಿಸಿ, 12ರಿಂದ ನಿಧಾನವಾಗಿ ಏರಿಸಿ, ತಲೆ ಸುತ್ತಿದರೆ ಅಂದೇ ಬಿಡಿ.

ಇದರಲ್ಲಿ ಕಷ್ಟದ ಭಾಗ ಏಳೂವರೆಯ ಊಟ. "ಅವರು ಉಣ್ಣೋಕೆ ಮುಂಚೆ ನಾನು ಹೇಗೆ ಉಣ್ಣಲಿ ಸಿಸ್ಟರ್? ಅತ್ತೆ ಏನಂತಾರೆ?" ಎಂದು ಕೇಳಿದಾಗ ಸಭೆಯಲ್ಲಿ ಎಲ್ಲರೂ ಸುಮ್ಮನಾದರು. ಇದು ತೂಕಕ್ಕಿಂತ ದೊಡ್ಡ ವಿಷಯ ಎಂದು ಎಲ್ಲರಿಗೂ ಗೊತ್ತು. ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡಲು ಕಲಿತವರು ಮನೆಯಲ್ಲಿ ಇದನ್ನು ಹೇಗೆ ಹೇಳುವುದು ಎಂದು ನೀವೇ ಒಬ್ಬರಿಗೊಬ್ಬರು ಹೇಳಿಕೊಡಬೇಕು. ಒಬ್ಬ ಸದಸ್ಯೆ ಮಕ್ಕಳ ಜೊತೆ ತಾನೂ ತಟ್ಟೆ ಇಟ್ಟುಕೊಂಡು ಕೂರುವುದರಿಂದ ಶುರುಮಾಡಿದ್ದಾರೆ. ಇನ್ನೊಬ್ಬರು ಡಾಕ್ಟರ ಚೀಟಿಯನ್ನೇ ಅತ್ತೆಗೆ ತೋರಿಸಿದರಂತೆ. ಅತ್ತೆಗೂ ಸಕ್ಕರೆ ಕಾಯಿಲೆ ಇದ್ದದ್ದರಿಂದ ಈಗ ಇಬ್ಬರೂ ಒಟ್ಟಿಗೇ ಉಣ್ಣುತ್ತಾರೆ.

ಮುಂದಿನ ಸಭೆಗೆ ಎರಡು ಕೆಲಸ. ಟೈಲರಿಂಗ್ ಮಾಡುವವರು ಅಳತೆಯ ಟೇಪು ತನ್ನಿ. ಒಬ್ಬೊಬ್ಬರನ್ನೇ ಒಳಗೆ ಕರೆದು ಸೊಂಟದ ಅಳತೆ ತೆಗೆದು ಅವರವರ ಪಾಸ್‌ಬುಕ್ಕಿನ ಹಿಂದೆ ಬರೆದುಕೊಡಿ, ಜೋರಾಗಿ ಓದಬೇಡಿ. ಅಲ್ಲಿಯವರೆಗೆ ಏಳು ದಿನ ಮನೆಯಲ್ಲಿ ಒಂದು ಹಾಳೆಯ ಮೇಲೆ ಬರೆದಿಡಿ: ಇಂದು ನಾನು ಮೊದಲ ತುತ್ತು ತಿಂದದ್ದು ಎಷ್ಟು ಗಂಟೆಗೆ, ಕೊನೆಯ ತುತ್ತು ಎಷ್ಟು ಗಂಟೆಗೆ, ಎಷ್ಟು ಲೋಟ ಟೀ, ನಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ.